ಪೋಸ್ಟರ್ ಸಾಕಾ, ಅಕ್ಷರ ಬೇಕಾ? ಸರ್ಕಾರಿ ಸೇವೆಯ ಪುಟಕ್ಕೆ ಚಿತ್ರ ಆರಿಸುವ ಬಗೆ

ನಮ್ಮ ಚಿಕ್ಕಪ್ಪನಿಗೆ ಕಣ್ಣು ಕಾಣುವುದಿಲ್ಲ. ಫೋನನ್ನು ಕಿವಿಯಿಂದಲೇ ನಡೆಸುತ್ತಾರೆ. ಟಾಕ್‌ಬ್ಯಾಕ್ ಆನ್ ಇರುತ್ತದೆ. ಬೆರಳು ಸರಿಸಿದ ಕಡೆಯೆಲ್ಲ ಅದು ಓದುತ್ತಾ ಹೋಗುತ್ತದೆ, ನಮಗೆ ಒಂದು ಪದವೂ ಹಿಡಿಯದಷ್ಟು ವೇಗವಾಗಿ. ಬ್ಯಾಂಕಿನ ಮೆಸೇಜು, ಕರೆಂಟ್ ಬಿಲ್ಲು, ನೆಂಟರ ಗ್ರೂಪಿನ ಜಗಳ, ಎಲ್ಲ ಅವರೇ ಓದಿಕೊಳ್ಳುತ್ತಾರೆ. ಒಂದು ದಿನ ಫೋನ್ ಮಾಡಿದರು. "ಊರಿನ ಗ್ರೂಪಿಗೆ ಏನೋ ಬಂದಿದೆ ಕಣಮ್ಮ. ಎಲ್ಲರೂ ಕೈ ಮುಗಿಯೋ ಗುರುತು ಹಾಕ್ತಿದ್ದಾರೆ. ನನ್ನ ಫೋನು 'ಫೋಟೊ' ಅಂತ ಹೇಳಿ ಸುಮ್ಮನಾಗ್ತದೆ. ಏನದು, ಓದಿ ಹೇಳು."

ತೆಗೆದು ನೋಡಿದೆ. ಒಂದು ಸೌಲಭ್ಯಕ್ಕೆ ಅರ್ಜಿ ಕರೆದಿದ್ದ ಪ್ರಕಟಣೆ. ಹಳದಿ ಮೇಲೆ ಕೆಂಪು ಅಕ್ಷರ, ಮೇಲೆ ಭಾವಚಿತ್ರಗಳು, ಕೆಳಗೆ ಇರುವೆ ಸಾಲಿನ ಹಾಗೆ ಬೇಕಾದ ದಾಖಲೆಗಳ ಪಟ್ಟಿ. ಯಾವ ಕಚೇರಿಯದು ಅನ್ನೋದು ಬೇಡ. ನನಗೆ ನಾಚಿಕೆಯಾಯಿತು, ಯಾಕೆಂದರೆ ಇಂಥ ಪುಟ, ಪೋಸ್ಟರು ಮಾಡುವುದೇ ನನ್ನ ಹೊಟ್ಟೆಪಾಡು. ಅದು ನಾನು ಮಾಡಿದ್ದಲ್ಲ. ಆದರೆ ಅಂಥವನ್ನು ನಾನೂ ಎಷ್ಟೋ ಮಾಡಿ ಕಳಿಸಿದ್ದೇನೆ.

ಆಮೇಲಿಂದ ಯಾವ ಚಿತ್ರ ಹಾಕುವ ಮುಂಚೆಯೂ ಒಂದು ಪರೀಕ್ಷೆ ಮಾಡುತ್ತೇನೆ. ಈ ಪುಟವನ್ನು ಚಿಕ್ಕಪ್ಪನಿಗೆ ಫೋನಿನಲ್ಲಿ ಓದಿ ಹೇಳಿದರೆ ಅವರ ಕೆಲಸ ಆಗುತ್ತದಾ? ಆಗುತ್ತದೆ ಅಂದರೆ ಚಿತ್ರ ಇರಲಿ, ಬಿಡಲಿ, ಅದು ನಮ್ಮ ಇಷ್ಟ. ಆಗುವುದಿಲ್ಲ ಅಂದರೆ ಚಿತ್ರದೊಳಗೆ ಏನೋ ಸಿಕ್ಕಿಕೊಂಡಿದೆ, ಅದನ್ನು ಮೊದಲು ಹೊರಗೆ ತೆಗೆಯಬೇಕು. ಪಂಚಾಯ್ತಿ, ತಾಲ್ಲೂಕು ಕಚೇರಿ, ನಿಗಮ ಮಂಡಳಿಗಳಿಗೆ ಪುಟ ಮಾಡುವವರು ದಿನಾ ಎದುರಿಸುವ ಆಯ್ಕೆಗಳನ್ನು ಇದೇ ಪರೀಕ್ಷೆ ಇಟ್ಟುಕೊಂಡು ಹೋಲಿಸಿ ನೋಡೋಣ.

ಪೋಸ್ಟರೋ, ಬರೀ ಅಕ್ಷರವೋ

ಜಾಸ್ತಿ ತಪ್ಪಾಗುವುದು ಇಲ್ಲೇ. ಅದಕ್ಕೇ ಇದರ ಬಗ್ಗೆ ಜಾಸ್ತಿ ಹೇಳುತ್ತೇನೆ.

ಕನ್ನಡ ಅಕ್ಷರವನ್ನು ಚಿತ್ರ ಮಾಡಿ ಹಾಕುವ ಚಾಳಿ ಸುಮ್ನೆ ಬಂದಿದ್ದಲ್ಲ. ಹಳೇ ನುಡಿ, ಬರಹ ಫಾಂಟುಗಳ ಕಾಲ ನೆನಪಿದೆ ಅಲ್ವಾ? ಆಗ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಅಡಗಿ ಕೂತಿರುತ್ತಿದ್ದವು. ನುಡಿಯಲ್ಲಿ 'ಕನ್ನಡ' ಎಂದು ಟೈಪ್ ಮಾಡಿ ಕಳಿಸಿದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟಿಷ್ ಪೌಂಡಿನ ಗುರುತು, ಹೀಗೆ ಏನೇನೋ ಕಾಣುತ್ತಿತ್ತು. ಹಳೇ ಮೊಬೈಲುಗಳಲ್ಲಿ ಬರೀ ಖಾಲಿ ಡಬ್ಬಿಗಳು. ಆಗ ಚಿತ್ರ ಮಾಡಿ ಕಳಿಸುವುದೇ ಜಾಣತನ. ಎಲ್ಲರಿಗೂ ಒಂದೇ ತರ ಕಾಣುವುದು ಅದೊಂದೇ.

ಆ ಕಾರಣ ಈಗ ಇಲ್ಲ. ಈಗಿರುವುದು ಯೂನಿಕೋಡ್, ಅಂದರೆ ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ. ಇವತ್ತು ಅಂಗಡಿಯಲ್ಲಿ ಸಿಗುವ ಅಗ್ಗದ ಆಂಡ್ರಾಯ್ಡ್ ಫೋನಿನಲ್ಲೂ ಯೂನಿಕೋಡ್ ಕನ್ನಡ ಚೆನ್ನಾಗಿ ಕಾಣುತ್ತದೆ. ವಿಂಡೋಸ್ ಜೊತೆಗೇ ಕನ್ನಡ ಫಾಂಟ್ ಬರುತ್ತದೆ. ನೋಟೋ ಸ್ಯಾನ್ಸ್ ಕನ್ನಡದಂಥ ಫಾಂಟುಗಳು ಬಿಟ್ಟಿ ಸಿಗುತ್ತವೆ. ಕಾರಣ ಹೋಯಿತು, ಚಾಳಿ ಉಳಿಯಿತು.

ಉಳಿದಿದ್ದರಿಂದ ಏನು ನಷ್ಟ? ಒಂದು ಪ್ರಕಟಣೆಯಲ್ಲಿ ಸಾವಿರ ಅಕ್ಷರ ಇದೆ ಅಂದುಕೊಳ್ಳಿ. ವೆಬ್ ಪುಟಗಳಲ್ಲಿ ಬಳಸುವ ಯೂನಿಕೋಡಿನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ಕಾಗುಣಿತ, ಒತ್ತು ಎಲ್ಲ ಸೇರಿಸಿಕೊಂಡರೂ ಆರೇಳು ಕೆಬಿಯಲ್ಲಿ ಮುಗಿಯುತ್ತದೆ. ಅದೇ ಪೋಸ್ಟರ್ ಆದರೆ ಸುಲಭವಾಗಿ ಮುನ್ನೂರು, ನಾನೂರು ಕೆಬಿ. ಸಿಗ್ನಲ್ ಒಂದೇ ಕಡ್ಡಿ ತೋರಿಸುವ ಊರಿನಲ್ಲಿ ಯಾವುದು ಮೊದಲು ತೆರೆಯುತ್ತದೆ ಎಂದು ಹೇಳಬೇಕಾಗಿಲ್ಲ.

ಪೋಸ್ಟರಿನಲ್ಲಿರುವ ಸಹಾಯವಾಣಿ ನಂಬರನ್ನು ಒತ್ತಿದರೆ ಕರೆ ಹೋಗುವುದಿಲ್ಲ. ವೆಬ್ ವಿಳಾಸವನ್ನು ಮುಟ್ಟಿದರೆ ಪುಟ ತೆರೆಯುವುದಿಲ್ಲ. ದಾಖಲೆಗಳ ಪಟ್ಟಿಯನ್ನು ಕಾಪಿ ಮಾಡಿ ಮಗನಿಗೆ ಕಳಿಸಲು ಆಗುವುದಿಲ್ಲ. ಕನ್ನಡ ಓದಲು ಬಾರದ, ಬೀದರಿನಲ್ಲೋ ಬೆಂಗಳೂರಿನಲ್ಲೋ ಇರುವ ಬೇರೆ ಭಾಷೆಯವರು ಅನುವಾದ ಮಾಡಿಕೊಂಡು ಓದುವುದೂ ಕಷ್ಟ. ಕೊನೆಯ ದಿನ ಮುಂದೆ ಹೋಯಿತು ಅಂದುಕೊಳ್ಳಿ. ಪುಟದಲ್ಲಿ ಒಂದು ಸಾಲು ತಿದ್ದಿದರೆ ಮುಗಿಯಿತು. ಪೋಸ್ಟರಿಗೆ ಸಾವೇ ಇಲ್ಲ. ಹಳೇದೇ ಆರು ತಿಂಗಳಾದರೂ ಗ್ರೂಪಿನಿಂದ ಗ್ರೂಪಿಗೆ ಸುತ್ತುತ್ತಿರುತ್ತದೆ. ಅದರಲ್ಲೂ 'ಕೊನೆಯ ದಿನ 15' ಎಂದು ಹಾಕಿ ತಿಂಗಳು, ವರ್ಷ ಬಿಟ್ಟಿದ್ದರೆ ಇನ್ನೂ ಮಜಾ.

ಇನ್ನೊಂದು ಕನ್ನಡದ್ದೇ ತೊಂದರೆ. ನಮ್ಮ ಲಿಪಿಯಲ್ಲಿ ದ ಮತ್ತು ಧ, ಪ ಮತ್ತು ಫ, ಇವುಗಳ ನಡುವೆ ಇರುವುದು ಕೆಳಗಿನ ಒಂದು ಚಿಕ್ಕ ಸೀಳು. ಒತ್ತಕ್ಷರ ಅಂತೂ ಮೂಲ ಅಕ್ಷರದ ಅರ್ಧವೂ ಇರುವುದಿಲ್ಲ. ವಾಟ್ಸಾಪ್ ಚಿತ್ರವನ್ನು ಹಿಂಡಿ ಕಳಿಸುತ್ತದೆ. ಹತ್ತು ಕೈ ದಾಟುವ ಹೊತ್ತಿಗೆ ಆ ಸೀಳು ಮಸುಕಾಗಿರುತ್ತದೆ. ಹೈನುಗಾರರಿಗೆ 'ಸಹಾಯಧನ' ಎಂದು ಬರೆದಿದ್ದು 'ಸಹಾಯದನ' ಆಗಿ ಕೂತಿದ್ದನ್ನು ನಾನೇ ನೋಡಿದ್ದೇನೆ. ಹೈನುಗಾರರ ಪೋಸ್ಟರ್ ಆದ್ದರಿಂದ ದನ ಅಂದರೂ ಅರ್ಥ ಕೆಡಲಿಲ್ಲ, ಅದು ಬೇರೆ ಮಾತು. ದೊಡ್ಡದು ಮಾಡಿ ನೋಡಿದರೆ ಇನ್ನೂ ಮಸುಕು. ಅಕ್ಷರವೇ ಆಗಿದ್ದರೆ ಎಷ್ಟು ಹಿಗ್ಗಿಸಿದರೂ ಚೂಪಾಗಿಯೇ ಇರುತ್ತದೆ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದ ಎಲ್ಲರಿಗೂ ಅದು ಬೇಕು.

ಚಿತ್ರದಿಂದ ಅಕ್ಷರ ಎತ್ತಿ ಓದುವ ಆ್ಯಪ್‌ಗಳು ಇವೆಯಲ್ಲ ಎಂದು ಕೇಳುತ್ತಾರೆ. ಇವೆ. ಚಿಕ್ಕಪ್ಪನೂ ಬಳಸುತ್ತಾರೆ. ಎರಡು ಕಾಲಂ ಪೋಸ್ಟರ್ ಸಿಕ್ಕರೆ ಎಡಗಡೆ ಸಾಲನ್ನೂ ಬಲಗಡೆ ಸಾಲನ್ನೂ ಬೆರೆಸಿ ಚಿತ್ರಾನ್ನ ಮಾಡಿ ಓದುತ್ತವೆ. 'ರೇಷನ್ ಕಾರ್ಡ್ ಕಡ್ಡಾಯ' ಇದ್ದಿದ್ದು 'ರೇಷನ್ ಕಾರ್ಡ್ ಬೇಕಾಗಿಲ್ಲ' ಎಂದು ಕೇಳಿಸಿದರೆ ಹೊಣೆ ಯಾರು?

ಬಣ್ಣದ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ನಮಗೆ ಅರಿಶಿನ ಕುಂಕುಮದ ಜೋಡಿ ಪ್ರೀತಿ. ಪೋಸ್ಟರ್ ಅಂದ ಕೂಡಲೇ ಹಳದಿ ಮೇಲೆ ಕೆಂಪು. ಜಗತ್ತಿನಾದ್ಯಂತ ಬಳಸುವ ವೆಬ್ ಸುಗಮ್ಯತೆಯ, ಅಂದರೆ ಪುಟ ಎಲ್ಲರಿಗೂ ಬಳಸಲು ಆಗುವಂತಿರಬೇಕು ಎನ್ನುವ ನಿಯಮದಲ್ಲಿ, ಮಾಮೂಲಿ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1 ವ್ಯತ್ಯಾಸ ಇರಬೇಕು. ದಪ್ಪ, ದೊಡ್ಡ ಅಕ್ಷರಕ್ಕೆ 3ಕ್ಕೆ 1 ಸಾಕು. ಅಪ್ಪಟ ಹಳದಿ ಮೇಲೆ ಅಪ್ಪಟ ಕೆಂಪು ಇಟ್ಟು ಲೆಕ್ಕ ಹಾಕಿದರೆ ಬರುವುದು ಸುಮಾರು 3.7. ಅಂದರೆ ತಲೆಬರಹಕ್ಕೆ ನಡೆಯುತ್ತದೆ, ಒಳಗಿನ ಸಾಲುಗಳಿಗೆ ನಡೆಯುವುದಿಲ್ಲ. ಕೆಂಪನ್ನು ಕುಂಕುಮದ ಕಡೆ ಸ್ವಲ್ಪ ಗಾಢ ಮಾಡಿ, ಆರು ದಾಟುತ್ತದೆ. ಹಳದಿ ಮೇಲೆ ಕಪ್ಪು ಇಟ್ಟರೆ 19ರ ಮೇಲೆ. ಟ್ಯಾಕ್ಸಿಯ ನಂಬರ್ ಪ್ಲೇಟ್ ಅಷ್ಟು ದೂರಕ್ಕೆ ಕಾಣುವುದು ಸುಮ್ನೆ ಅಲ್ಲ.

ಹಾಗಾದರೆ ಪೋಸ್ಟರೇ ಬೇಡವಾ? ಬೇಕು. ಊರಿನ ಗ್ರೂಪಿನಲ್ಲಿ ಬರೀ ಅಕ್ಷರದ ಮೆಸೇಜನ್ನು ಯಾರೂ ನಿಂತು ಓದುವುದಿಲ್ಲ, ಚಿತ್ರ ಕಣ್ಣಿಗೆ ಬೀಳುತ್ತದೆ. ಆ ಕೆಲಸಕ್ಕೆ ಮಾತ್ರ ಅದನ್ನು ಬಳಸಿ. ಪೋಸ್ಟರಿನಲ್ಲಿ ಒಂದೇ ಮಾತು, ದೊಡ್ಡದಾಗಿ: ಏನು, ಯಾರಿಗೆ, ಯಾವತ್ತಿನವರೆಗೆ. ಅದರ ಕೆಳಗೆ ಕ್ಯಾಪ್ಶನ್‌ನಲ್ಲಿ ಪೂರ್ತಿ ವಿಷಯ, ಒತ್ತಿದರೆ ಕರೆ ಹೋಗುವ ನಂಬರು, ಪುಟದ ಲಿಂಕು. ಎರಡು ನಿಮಿಷದ ಕೆಲಸ. ವೆಬ್ ಪುಟದಲ್ಲಾದರೆ ಪೋಸ್ಟರನ್ನು ತೆಗೆದೇ ಹಾಕಿ. ಅಲ್ಲಿಗೆ ಬಂದವರ ಕಣ್ಣನ್ನು ಸೆಳೆಯಬೇಕಾಗಿಲ್ಲ, ಅವರು ಆಗಲೇ ಬಂದಿದ್ದಾರೆ.

ಒಂದು ವಾದ ಮಾತ್ರ ನನ್ನನ್ನು ಯೋಚನೆಗೆ ಹಚ್ಚುತ್ತದೆ. 'ಓದಲು ಬಾರದವರಿಗೆ ಚಿತ್ರವೇ ಬೇಕು.' 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36. ಅಂದರೆ ನಾಲ್ವರಲ್ಲಿ ಒಬ್ಬರಿಗೆ ಓದು ಬರುತ್ತಿರಲಿಲ್ಲ. ವಾದ ಸರಿಯೇ. ಆದರೆ ಅವರಿಗೆಂದು ಮಾಡಿದ ಪೋಸ್ಟರನ್ನು ನೋಡಿ, ಅದರ ತುಂಬ ಅಕ್ಷರ! ಓದಲು ಬಾರದವರಿಗೂ ಅದು ಸಿಗಲಿಲ್ಲ, ಫೋನ್ ಓದಿ ಹೇಳಬಹುದಾಗಿದ್ದ ನಮ್ಮ ಚಿಕ್ಕಪ್ಪನಿಗೂ ಸಿಗಲಿಲ್ಲ. ಅವರಿಗೆ ನಿಜಕ್ಕೂ ಬೇಕಾದ್ದು ಅರ್ಧ ನಿಮಿಷದ ಧ್ವನಿ ಸಂದೇಶ. ಪಿಡಿಒ ಅಥವಾ ಆಶಾ ಕಾರ್ಯಕರ್ತೆಯೇ ಊರಿನ ಮಾತಿನಲ್ಲಿ ಹೇಳಿ ಕಳಿಸಿದರೆ ಪೋಸ್ಟರಿಗಿಂತ ಚೆನ್ನಾಗಿ ಮುಟ್ಟುತ್ತದೆ.

ಸ್ಕ್ಯಾನ್ ಮಾಡಿದ ಸುತ್ತೋಲೆ

ಇದಕ್ಕೆ ಹೆಚ್ಚು ಮಾತು ಬೇಡ. ಪ್ರಿಂಟ್ ತೆಗೆದು, ಸಹಿ ಹಾಕಿಸಿ, ಸೀಲು ಒತ್ತಿ, ಮತ್ತೆ ಸ್ಕ್ಯಾನ್ ಮಾಡಿ ಹಾಕಿದ ಪಿಡಿಎಫ್ ಅಂದರೆ ಅದೂ ಚಿತ್ರವೇ. ಹೆಸರು ಮಾತ್ರ ಬೇರೆ. ಸಹಿ, ಸೀಲು ಬೇಕು ಅನ್ನುವುದು ನಿಜವಾದ ಅಗತ್ಯ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಸ್ಕ್ಯಾನ್ ಪ್ರತಿ ದಾಖಲೆಗೆ ಇರಲಿ. ಅದರ ಮೇಲೆಯೇ ಪುಟದಲ್ಲಿ ಆದೇಶದ ಸಾರ ನಾಲ್ಕು ಸಾಲು ಅಕ್ಷರದಲ್ಲಿರಲಿ. ಮೂಲ ಫೈಲು ಟೈಪ್ ಮಾಡಿದವರ ಕಂಪ್ಯೂಟರಿನಲ್ಲೇ ಇರುತ್ತದಲ್ಲ, ಅದನ್ನೇ ಪಿಡಿಎಫ್ ಮಾಡಿಸಿದರೆ ಇನ್ನೂ ಒಳ್ಳೆಯದು. ಆದರೆ ಟೈಪ್ ಮಾಡಿದ್ದು ಯೂನಿಕೋಡಿನಲ್ಲಾ ನೋಡಿಕೊಳ್ಳಿ. ಹಳೇ ಫಾಂಟಿನ ಪಿಡಿಎಫ್ ಕಣ್ಣಿಗೆ ಕನ್ನಡದ ಹಾಗೇ ಕಾಣುತ್ತದೆ. ಓದಿಸಿದರೆ ಮೇಲೆ ಹೇಳಿದ ಅದೇ ಪಿ, ಗೀಟಿನ ಎ, ಪೌಂಡು. ಗೂಗಲ್‌ನಲ್ಲಿ ಕನ್ನಡ ಪದ ಹಾಕಿ ಹುಡುಕಿದರೂ ಸಿಗುವುದಿಲ್ಲ.

ತೋರಿಸಿಯೇ ಹೇಳಬೇಕಾದಾಗ: ಫೋಟೊ, ಗೆರೆಚಿತ್ರ, ಸ್ಕ್ರೀನ್‌ಶಾಟ್

ಇಲ್ಲಿ ಚಿತ್ರದ ನಿಜವಾದ ಬೆಲೆ ಗೊತ್ತಾಗುತ್ತದೆ.

2023ರಲ್ಲಿ ಗೃಹಜ್ಯೋತಿಗೆ ಸೇವಾ ಸಿಂಧುವಿನಲ್ಲಿ ನೋಂದಣಿ ಶುರುವಾದಾಗ ಆಧಾರ್ ನಂಬರಿನ ಜೊತೆ ಕರೆಂಟ್ ಬಿಲ್ಲಿನ ಅಕೌಂಟ್ ಐಡಿ ಕೊಡಬೇಕಿತ್ತು. ಬಿಲ್ಲು ಕೈಯಲ್ಲಿ ಹಿಡಿದುಕೊಂಡವರಿಗೆ ಅದರಲ್ಲಿ ಆರ್‌ಆರ್ ನಂಬರೂ ಕಾಣುತ್ತದೆ, ಬಿಲ್ ನಂಬರೂ ಕಾಣುತ್ತದೆ. ಯಾವುದು ಹಾಕೋದು? ಇಂಥ ಕಡೆ 'ಅಕೌಂಟ್ ಐಡಿ ನಮೂದಿಸಿ' ಎಂದು ಹತ್ತು ಸಲ ಬರೆದರೂ ಪ್ರಯೋಜನ ಇಲ್ಲ. ಬಿಲ್ಲಿನ ಚಿತ್ರ ಹಾಕಿ, ಆ ಸಾಲಿಗೆ ಒಂದು ಡಬ್ಬಿ ಎಳೆದರೆ ಎರಡು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಪಹಣಿಯಲ್ಲಿ ಸರ್ವೆ ನಂಬರ್ ಎಲ್ಲಿ, ಹಿಸ್ಸಾ ಎಲ್ಲಿ ಎಂದು ತೋರಿಸುವುದೂ ಇದೇ ತರ.

ಈಗ ಆಯ್ಕೆ. ನಿಜವಾದ ಬಿಲ್ಲಿನ ಫೋಟೊ ತೆಗೆದು ಹಾಕೋದಾ, ಗೆರೆಯಲ್ಲಿ ಬಿಡಿಸೋದಾ? ಜನ ಕೈಯಲ್ಲಿ ಹಿಡಿದಿರುವ ಕಾಗದವನ್ನು ಗುರುತಿಸಬೇಕು ಅಂದರೆ ಫೋಟೊ ಒಳ್ಳೆಯದು. ಆದರೆ ಫೋಟೊದಲ್ಲಿ ಬೇಡದ್ದೆಲ್ಲ ಬರುತ್ತದೆ: ಮಡಿಕೆ, ನೆರಳು, ಹೆಬ್ಬೆರಳು. ನಾನು ಮಾಡುವುದು ಎರಡರ ನಡುವಿನದು. ಬಿಲ್ಲಿನ ಆಕಾರ, ಲೋಗೋ, ಸಾಲುಗಳ ಜಾಗ ಹಾಗೇ ಉಳಿಸಿಕೊಂಡು, ಬೇಡದ ಸಾಲುಗಳನ್ನು ಬೂದು ಪಟ್ಟಿ ಮಾಡಿ, ಬೇಕಾದ ಒಂದನ್ನು ಮಾತ್ರ ಓದುವಂತೆ ಬಿಡುತ್ತೇನೆ. ರಾಜ್ಯದಲ್ಲಿ ಐದು ಎಸ್ಕಾಂ ಇವೆ, ಎಲ್ಲದರ ಬಿಲ್ಲೂ ಒಂದೇ ತರ ಇರಬೇಕೆಂದಿಲ್ಲ. ಹುಬ್ಬಳ್ಳಿಯವರಿಗೆ ಬೆಂಗಳೂರಿನ ಬಿಲ್ಲು ತೋರಿಸಿದರೆ ಇದ್ದ ಗೊಂದಲಕ್ಕೆ ಇನ್ನೊಂದು ಸೇರುತ್ತದೆ.

ಮಾದರಿಗೆ ಯಾರದ್ದೋ ನಿಜವಾದ ಆಧಾರ್, ನಿಜವಾದ ಪಹಣಿ ಹಾಕಬೇಡಿ. ಹೆಸರಿನ ಮೇಲೆ ತೆಳುವಾಗಿ ಮಸಿ ಬಳಿದರೆ ಸಾಲದು, ಫೋನಿನಲ್ಲಿ ಬೆಳಕು ಹೆಚ್ಚಿಸಿದರೆ ಕೆಳಗಿನದು ಕಾಣುತ್ತದೆ. ಸುಳ್ಳು ಹೆಸರು, ಸುಳ್ಳು ನಂಬರಿನ ಮಾದರಿ ಮಾಡಿಕೊಳ್ಳಿ.

ಚಿತ್ರ ಹಾಕಿದ ಮೇಲೆ ಅದೇ ಮಾತು ಅಕ್ಷರದಲ್ಲೂ ಬರಬೇಕು: 'ಬಿಲ್ಲಿನಲ್ಲಿ ಅಕೌಂಟ್ ಐಡಿ ಎಂದು ಬರೆದಿರುವ ಸಾಲಿನ ಪಕ್ಕದ ಅಂಕಿಗಳನ್ನು ಹಾಕಿ. ಆರ್‌ಆರ್ ನಂಬರ್ ಹಾಕಬೇಡಿ.' ಕೊನೆಯ ಆ ಮೂರು ಪದ ಚಿತ್ರಕ್ಕಿಂತ ಜಾಸ್ತಿ ಜನರನ್ನು ಉಳಿಸುತ್ತದೆ ಎಂದು ನನ್ನ ಗುಮಾನಿ.

ಸ್ಕ್ರೀನ್‌ಶಾಟ್ ಬಗ್ಗೆ ನನಗೆ ಅಷ್ಟೇನೂ ಪ್ರೀತಿ ಇಲ್ಲ. 'ಅರ್ಜಿ ಹಾಕುವುದು ಹೇಗೆ' ಎಂದು ಇಪ್ಪತ್ತು ಸ್ಕ್ರೀನ್‌ಶಾಟ್ ಇರುವ ಕೈಪಿಡಿಗಳು ಎಲ್ಲ ಕಡೆ ಇವೆ. ಬಟನ್ ಜಾಗ ಬದಲಾದ ದಿನವೇ ಅವು ಹಳಸುತ್ತವೆ. ಕಂಪ್ಯೂಟರಿನಲ್ಲಿ ತೆಗೆದ ಪರದೆ ಫೋನಿನಲ್ಲಿ ಬೆಂಕಿಪೊಟ್ಟಣದಷ್ಟು ಕಾಣುತ್ತದೆ. ಸೇವೆ ಕನ್ನಡದಲ್ಲಿದ್ದು ಸ್ಕ್ರೀನ್‌ಶಾಟ್ ಇಂಗ್ಲಿಷಿನದ್ದಾದರೆ ಓದುವವರು ಎರಡರ ನಡುವೆ ಒದ್ದಾಡುತ್ತಾರೆ. ಹೆಜ್ಜೆಗಳನ್ನು ಅಕ್ಷರದಲ್ಲಿ ಬರೆಯಿರಿ, ಜನ ನಿಜಕ್ಕೂ ಎಡವುವ ಒಂದೆರಡು ಕಡೆ ಮಾತ್ರ ಪರದೆಯ ತುಂಡು ಕತ್ತರಿಸಿ ಹಾಕಿ. ಎಲ್ಲಿ ಎಡವುತ್ತಾರೆ ಎಂದು ತಿಳಿಯಬೇಕಾದರೆ ಗ್ರಾಮ ಒನ್ ಕೇಂದ್ರದಲ್ಲೋ ಸೈಬರ್ ಸೆಂಟರಿನಲ್ಲೋ ಒಂದು ಗಂಟೆ ಕೂತು ನೋಡಿ. ಇಪ್ಪತ್ತು ಸ್ಕ್ರೀನ್‌ಶಾಟಿನ ಕೈಪಿಡಿ ಬಹಳ ಸಲ ಒಂದು ಕೆಟ್ಟ ಫಾರಂನ ಗುರುತು. ಫಾರಂ ಸರಿ ಮಾಡುವ ಅಧಿಕಾರ ನಮಗಿಲ್ಲ ಅನ್ನೋದೂ ಗೊತ್ತು.

ಗುರುತು ಮಾತ್ರವೋ, ಗುರುತಿನ ಜೊತೆ ಹೆಸರೋ

ಯಾವಾಗಲೂ ಎರಡೂ. ಅಡ್ಡ ಮೂರು ಗೀಟು ಅಂದರೆ ಮೆನು, ಹಲ್ಲಿನ ಚಕ್ರ ಅಂದರೆ ಸೆಟ್ಟಿಂಗ್ಸ್, ಇದೆಲ್ಲ ದಿನಾ ಫೋನ್ ತಿಕ್ಕುವವರಿಗೆ ಗೊತ್ತು. ನಮ್ಮ ದೊಡ್ಡಮ್ಮನಿಗೆ ಆ ಚಕ್ರ ಸೂರ್ಯನ ಹಾಗೆ ಕಾಣುತ್ತದಂತೆ.

ಗುರುತನ್ನು ಸರಿಯಾಗಿ ಬಳಸುವುದು ಹೇಗೆ ಎಂದು ಕಲಿಯಲು ದೂರ ಹೋಗಬೇಕಿಲ್ಲ. ಮತಯಂತ್ರವನ್ನೇ ನೋಡಿ. 1951–52ರ ಮೊದಲ ಮಹಾಚುನಾವಣೆಯಲ್ಲಿ ಮತದಾರರಲ್ಲಿ ಹೆಚ್ಚಿನವರಿಗೆ ಓದು ಬರುತ್ತಿರಲಿಲ್ಲ, ಅದಕ್ಕೇ ಪಕ್ಷಗಳಿಗೆ ಚಿಹ್ನೆ ಕೊಟ್ಟರು. ಇವತ್ತಿಗೂ ಚಿಹ್ನೆ ಇದೆ. ಆದರೆ ಒಂಟಿಯಾಗಿಲ್ಲ. ಪಕ್ಕದಲ್ಲಿ ಅಭ್ಯರ್ಥಿಯ ಹೆಸರು, ಬೆರಳಿಗೆ ಸಿಗುವ ಹಾಗೆ ಬ್ರೈಲ್‌ನಲ್ಲಿ ಕ್ರಮಸಂಖ್ಯೆ. 2015ರಿಂದ ಫೋಟೊ ಕೂಡ ಸೇರಿತು. ಫೋಟೊ ಅಂದಕ್ಕೆ ಬಂದಿದ್ದಲ್ಲ. ಒಂದೇ ಹೆಸರಿನ ಇಬ್ಬರು ನಿಂತು ಜನ ತಬ್ಬಿಬ್ಬಾಗುತ್ತಿದ್ದರು, ಅದನ್ನು ತಪ್ಪಿಸಲು ಬಂದಿದ್ದು. ಯಾವ ಚಿತ್ರಕ್ಕೂ ಹೀಗೆ 'ಇದು ಯಾವ ಗೊಂದಲ ತಪ್ಪಿಸುತ್ತದೆ' ಎಂಬ ಉತ್ತರ ಇದ್ದರೆ ಸಾಕು.

ಇನ್ನೊಂದು ಪಾಠ ಬಿಸ್ಕತ್ತಿನ ಪೊಟ್ಟಣದ ಮೇಲಿದೆ. ಸಸ್ಯಾಹಾರಕ್ಕೆ ಹಸಿರು ಚುಕ್ಕೆ, ಮಾಂಸಾಹಾರಕ್ಕೆ ಕಂದು ಚುಕ್ಕೆ, ಹೀಗಿತ್ತು. ಹಸಿರು ಮತ್ತು ಕಂದು ಬೇರೆ ಮಾಡಲಾಗದ ಬಣ್ಣಗುರುಡು ಇರುವವರಿಗೆ ಎರಡೂ ಒಂದೇ ಚುಕ್ಕೆ. 2020ರ ಆಹಾರ ಲೇಬಲ್ ನಿಯಮದಲ್ಲಿ ಮಾಂಸಾಹಾರದ ಗುರುತನ್ನು ಕಂದು ತ್ರಿಕೋನ ಮಾಡಿದರು. ಬಣ್ಣ ಹೋದರೂ ಆಕಾರ ಉಳಿಯುತ್ತದೆ. ಅರ್ಜಿಯ ಸ್ಥಿತಿ ತೋರಿಸುವ ಪುಟದಲ್ಲಿ ಹಸಿರು ಚುಕ್ಕೆ, ಕೆಂಪು ಚುಕ್ಕೆ ಇಟ್ಟಿದ್ದರೆ ಇದನ್ನೇ ಮಾಡಿ. ಜೊತೆಗೆ 'ಮಂಜೂರಾಗಿದೆ', 'ತಿರಸ್ಕೃತ' ಎಂದು ಬರೆಯಿರಿ.

ನಮ್ಮ ಮೆಟ್ರೊ ನಕ್ಷೆಗೂ ಇದು ಹೊಂದುತ್ತದೆ. ನೇರಳೆ, ಹಸಿರು, ಹಳದಿ ಎಂದು ಮಾರ್ಗಗಳಿಗೆ ಬಣ್ಣವೇ ಹೆಸರು. ಅದು ನೆನಪಿಗೆ ಸುಲಭ. ನಕ್ಷೆಯ ಚಿತ್ರ ಹಾಕುವವರು ಗೆರೆಯ ಮೇಲೆಯೇ ಬಣ್ಣದ ಹೆಸರು ಬರೆದು, ಕೆಳಗೆ ನಿಲ್ದಾಣಗಳ ಪಟ್ಟಿಯನ್ನು ಸಾಲಾಗಿ ಕೊಟ್ಟರೆ ಯಾರಿಗೂ ತೊಂದರೆಯಿಲ್ಲ. ಗ್ರಾಫ್ ಮತ್ತು ಕೋಷ್ಟಕದ ನಡುವೆ ಆರಿಸುವಾಗಲೂ ಹೀಗೇ. ಏರಿತೋ ಇಳಿಯಿತೋ ತೋರಿಸಲು ಗ್ರಾಫ್, ನಮ್ಮ ತಾಲ್ಲೂಕಿನ ಅಂಕಿ ಎಷ್ಟು ಎಂದು ಹುಡುಕಲು ಕೋಷ್ಟಕ. ಗ್ರಾಫ್ ಹಾಕಿದರೆ ಕೋಷ್ಟಕವನ್ನೂ ಹಾಕಿ. ಕೋಷ್ಟಕ ಹಾಕಿದರೆ ಗ್ರಾಫ್ ಇಲ್ಲದಿದ್ದರೂ ನಡೆಯುತ್ತದೆ.

ಪರ್ಯಾಯ ಪಠ್ಯ: ಬರೆಯೋದಾ, ಖಾಲಿ ಬಿಡೋದಾ

ಚಿತ್ರ ಕಾಣದವರಿಗೆ ಫೋನು ಓದಿ ಹೇಳಲೆಂದು ಚಿತ್ರದ ಹಿಂದೆ ಬರೆದಿಡುವ ಸಾಲು ಇದು. ಆಲ್ಟ್ ಟೆಕ್ಸ್ಟ್ ಎಂದೇ ಎಲ್ಲರೂ ಕರೆಯುತ್ತಾರೆ. ಬರೆಯದೇ ಬಿಟ್ಟರೆ, ಅದರಲ್ಲೂ ಆ ಚಿತ್ರ ಲಿಂಕ್ ಆಗಿದ್ದರೆ, ಟಾಕ್‌ಬ್ಯಾಕ್‌ನಂಥ ಸ್ಕ್ರೀನ್ ರೀಡರ್ ಪಾಪ ಏನು ಮಾಡಬೇಕು? ಫೈಲಿನ ಹೆಸರನ್ನೇ ಓದುತ್ತದೆ: 'ಐಎಂಜಿ ಅಂಡರ್‌ಸ್ಕೋರ್ ಎರಡು ಸೊನ್ನೆ ಎರಡು ನಾಲ್ಕು ಫೈನಲ್ ಫೈನಲ್ ಎರಡು ಡಾಟ್ ಜೆಪಿಜಿ.'

ಏನು ಬರೆಯಬೇಕು ಅನ್ನುವುದು ಚಿತ್ರದಲ್ಲಿ ಏನಿದೆ ಅನ್ನುವುದರ ಮೇಲಲ್ಲ, ಅದು ಅಲ್ಲಿ ಯಾಕಿದೆ ಅನ್ನುವುದರ ಮೇಲೆ ನಿಂತಿದೆ. ಒಂದೇ ಫೋಟೊ ತೆಗೆದುಕೊಳ್ಳಿ. ತಾಲ್ಲೂಕು ಕಚೇರಿಯ ಮುಂದೆ ಇಳಿಜಾರು ದಾರಿ, ಪಕ್ಕದಲ್ಲಿ ಕೈಯಲ್ಲಿ ಹಿಡಿಯುವ ಕಂಬಿ, ಗೋಡೆಯ ಮೇಲೆ ಬೋರ್ಡು.

ಕಚೇರಿಯ ವಿಳಾಸದ ಪುಟದಲ್ಲಿ ಈ ಫೋಟೊ ಇದ್ದರೆ: 'ಮುಖ್ಯ ಬಾಗಿಲ ಎಡಕ್ಕೆ ಗಾಲಿಕುರ್ಚಿ ಹೋಗುವ ಇಳಿಜಾರು ದಾರಿ ಇದೆ, ಒಂದು ಪಕ್ಕ ಕಂಬಿ ಇದೆ.' ಹೊಸ ಕಟ್ಟಡ ಉದ್ಘಾಟನೆಯ ಸುದ್ದಿಯಲ್ಲಿದ್ದರೆ: 'ಹೊಸ ಕಚೇರಿ ಕಟ್ಟಡದ ಮುಂಭಾಗ.' ಜಾತಿ ಪ್ರಮಾಣಪತ್ರದ ಅರ್ಜಿ ಪುಟದ ಮೇಲೆ ಅಂದಕ್ಕೆಂದು ಹಾಕಿದ್ದರೆ: ಏನೂ ಬೇಡ. ಆಲ್ಟ್ ಜಾಗವನ್ನು ಇಟ್ಟು, ಒಳಗೆ ಖಾಲಿ ಬಿಡಿ. ಆಗ ಫೋನು ಅದನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಖಾಲಿ ಬಿಡುವುದಕ್ಕೂ ಆ ಜಾಗವನ್ನೇ ಬರೆಯದಿರುವುದಕ್ಕೂ ವ್ಯತ್ಯಾಸ ಇದೆ. ಖಾಲಿ ಅಂದರೆ 'ಇದನ್ನು ಓದಬೇಡ' ಎಂದು ಹೇಳಿದ ಹಾಗೆ. ಇಲ್ಲವೇ ಇಲ್ಲ ಅಂದರೆ ಮರೆತ ಹಾಗೆ.

'ಇದು ಒಂದು ಚಿತ್ರ, ಇದರಲ್ಲಿ...' ಎಂದು ಶುರು ಮಾಡಬೇಡಿ. ಚಿತ್ರ ಎಂದು ಫೋನು ತಾನೇ ಹೇಳಿರುತ್ತದೆ. ಕನ್ನಡ ಪುಟಕ್ಕೆ ಕನ್ನಡದಲ್ಲೇ ಬರೆಯಿರಿ, ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಗುರುತು ಹಾಕಿಸಿ. ಇಲ್ಲದಿದ್ದರೆ ಇಂಗ್ಲಿಷ್ ಧ್ವನಿ ಕನ್ನಡ ಓದಲು ಹೊರಡುತ್ತದೆ, ಅಥವಾ ಬಾಯಿಯನ್ನೇ ಬಿಡುವುದಿಲ್ಲ. ನಿಮ್ಮ ಪುಟ ಹೇಗೆ ಕೇಳಿಸುತ್ತದೆ ಎಂದು ನೋಡಲು ದುಡ್ಡು ಬೇಡ. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಿಟ್ಟಿ ಸಿಗುತ್ತದೆ, ಅದರ ಜೊತೆ ಬರುವ ಧ್ವನಿ ಕನ್ನಡವನ್ನೂ ಓದುತ್ತದೆ. ಫೋನಿನಲ್ಲಿ ಟಾಕ್‌ಬ್ಯಾಕ್ ಹೇಗೂ ಇದೆ.

ಇದೆಲ್ಲ ದಯೆಯ ಮಾತಲ್ಲ. ಸರ್ಕಾರಿ ವೆಬ್‌ಸೈಟುಗಳಿಗೆಂದು ಕೇಂದ್ರದ ಮಾರ್ಗಸೂಚಿ 2009ರಲ್ಲೇ ಬಂತು, 2023ರಲ್ಲಿ ಅದರ ಮೂರನೇ ಆವೃತ್ತಿ ಬಂದಿದೆ. ಅಕ್ಷರದ ಬದಲು ಅಕ್ಷರದ ಚಿತ್ರ ಹಾಕಬೇಡಿ, ಅರ್ಥವಿರುವ ಚಿತ್ರಕ್ಕೆ ಪರ್ಯಾಯ ಪಠ್ಯ ಕೊಡಿ ಎನ್ನುವುದೆಲ್ಲ ಅದು ಅನುಸರಿಸುವ ಅಂತರರಾಷ್ಟ್ರೀಯ ನಿಯಮದಲ್ಲೇ ಇದೆ. ಅದರ ಹಿಂದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿಂತಿದೆ.

ಅಂದದ ಚಿತ್ರ, ತಿರುಗುವ ಬ್ಯಾನರ್

ಬ್ರಿಟನ್ನಿನ ಸರ್ಕಾರಿ ತಾಣದವರು ಇದಕ್ಕೆ ಖಡಾಖಂಡಿತ ಉತ್ತರ ಕೊಟ್ಟಿದ್ದಾರೆ: ಬಳಸುವವರಿಗೆ ನಿಜವಾದ ಅಗತ್ಯ ಇದ್ದರೆ ಮಾತ್ರ ಚಿತ್ರ. ಅವರ ಸೇವಾ ಪುಟಗಳು ಬಿಳಿ ಕಾಗದದ ಹಾಗೆ ಬೋಳು. ನಮ್ಮವರಿಗೆ ಅದು ಹಿಡಿಸುವುದಿಲ್ಲ, 'ಏನ್ರೀ ಇದು, ಅರ್ಧ ಮಾಡಿದ್ದೀರಾ' ಅನ್ನುತ್ತಾರೆ. ನಾನು ಪೂರ್ತಿ ಬೋಳು ಇರಲಿ ಅನ್ನುವವಳಲ್ಲ. ಮುಖಪುಟದಲ್ಲಿ ಊರಿನ ಒಂದು ಒಳ್ಳೆಯ ಫೋಟೊ ಇದ್ದರೆ ಸರಿಯಾದ ಜಾಗಕ್ಕೆ ಬಂದಿದ್ದೇನೆ ಎಂಬ ಧೈರ್ಯ ಬರುತ್ತದೆ. ಅರ್ಜಿ ಶುರುವಾದ ಮೇಲೆ ಮಾತ್ರ ಬೇಡ. ಫೋನ್ ಪರದೆಯ ಅರ್ಧವನ್ನು ಭಾವಚಿತ್ರಗಳೇ ತಿಂದರೆ ಮೊದಲ ಪ್ರಶ್ನೆ ಕಾಣುವುದು ಎರಡು ಸಲ ಎಳೆದ ಮೇಲೆ.

ತಿರುಗುವ ಬ್ಯಾನರ್ ಹಾಕಲೇಬೇಕು ಎಂದು ಮೇಲಿನವರು ಹಟ ಹಿಡಿದರೆ ನಿಲ್ಲಿಸುವ ಬಟನ್ ಇಡಿ. ತಾನಾಗಿ ಶುರುವಾಗಿ 5 ಸೆಕೆಂಡಿಗಿಂತ ಜಾಸ್ತಿ ಓಡುವ ಯಾವುದಕ್ಕೂ ಅದು ಬೇಕೆಂದು ನಿಯಮವೇ ಇದೆ. ಹಟ ಹಿಡಿದವರಿಗೆ ಇದನ್ನು ತೋರಿಸಬಹುದು, ಅಷ್ಟೇ ಲಾಭ.

ಫೈಲಿನ ಬಗೆ ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಕ್ಯಾಮೆರಾದಿಂದ ಬಂದ ಫೋಟೊ ಆದರೆ ಜೆಪೆಗ್ ಅಥವಾ ವೆಬ್‌ಪಿ. ಲೋಗೋ, ಗುರುತು, ಗೆರೆಚಿತ್ರ, ನಕ್ಷೆ ಆದರೆ ಎಸ್‌ವಿಜಿ, ಹಿಗ್ಗಿಸಿದರೂ ಒಡೆಯುವುದಿಲ್ಲ. ಅಕ್ಷರ ಇರುವ ಪರದೆಯ ತುಂಡು ಆದರೆ ಪಿಎನ್‌ಜಿ, ಯಾಕೆಂದರೆ ಜೆಪೆಗ್ ಮಾಡಿದರೆ ಒತ್ತಕ್ಷರದ ಸುತ್ತ ಕೊಳೆ ಕೂರುತ್ತದೆ.

ಜನರೇ ಕೊಡಬೇಕಾದ ಚಿತ್ರ

ಇಲ್ಲಿಯವರೆಗೆ ನಾವು ತೋರಿಸುವ ಚಿತ್ರದ ಮಾತಾಯಿತು. ಸೇವೆ ಕೇಳುವ ಚಿತ್ರಗಳೂ ಇವೆಯಲ್ಲ. 'ಫೋಟೊ 50 ಕೆಬಿ ಒಳಗೆ, ಸಹಿ 20 ಕೆಬಿ ಒಳಗೆ.' ಈ ಒಂದು ಸಾಲಿನಿಂದ ಎಷ್ಟು ಸೈಬರ್ ಸೆಂಟರುಗಳ ಬಾಡಿಗೆ ಕಟ್ಟುತ್ತಿದೆಯೋ. ಫೋನಿನಲ್ಲಿ ತೆಗೆದ ಫೋಟೊ ಮೂರ್ನಾಲ್ಕು ಎಂಬಿ ಇರುತ್ತದೆ. ಅದನ್ನು 50 ಕೆಬಿಗೆ ಇಳಿಸುವುದು ಹೇಗೆ ಎಂದು ಸಾಮಾನ್ಯರು ಯಾಕೆ ಕಲಿಯಬೇಕು? ಎರಡು ದಾರಿ ಇದೆ. ಇಳಿಸುವ ವಿಧಾನ ಹೇಳಿಕೊಡುವುದು ಒಂದು. ದೊಡ್ಡ ಫೈಲನ್ನೇ ತೆಗೆದುಕೊಂಡು ಕಂಪ್ಯೂಟರೇ ಇಳಿಸಿಕೊಳ್ಳುವುದು ಇನ್ನೊಂದು. ಎರಡನೆಯದು ಡೆವಲಪರ್‌ಗೆ ಒಂದು ದಿನದ ಕೆಲಸ, ಅದನ್ನೇ ಕೇಳಿ ಪಡೆಯಿರಿ.

ಯಾವ ತರದ ಫೋಟೊ ಬೇಕು ಎಂದು ತೋರಿಸಲು ಮಾತ್ರ ಚಿತ್ರಕ್ಕೆ ಸಾಟಿ ಇಲ್ಲ. ಸರಿಯಾದದ್ದು ಒಂದು, ತಪ್ಪಾದವು ಎರಡು ಮೂರು ಪಕ್ಕಪಕ್ಕ ಇಡಿ: ಮುಖದ ಮೇಲೆ ನೆರಳು, ಮೂಲೆ ಕತ್ತರಿಸಿದ ದಾಖಲೆ, ಫ್ಲಾಶ್ ಬಿದ್ದು ಬೆಳ್ಳಗಾದ ರೇಷನ್ ಕಾರ್ಡು. ತಪ್ಪಿಗೆ ಬರೀ ಕೆಂಪು ಚೌಕಟ್ಟು ಸಾಲದು, ಅಡ್ಡಗುರುತು ಹಾಕಿ ಏನು ತಪ್ಪು ಎಂದು ಕೆಳಗೆ ಬರೆಯಿರಿ.

ವಕ್ರ ಅಕ್ಷರಗಳ ಚಿತ್ರ ತೋರಿಸಿ ಟೈಪ್ ಮಾಡಿ ಎನ್ನುವ ಕ್ಯಾಪ್ಚಾಗೆ ಧ್ವನಿಯ ದಾರಿಯೂ ಇರಬೇಕು. ಅದಕ್ಕಿಂತ ಒಟಿಪಿ ವಾಸಿ. ಫೋನಿಗೆ ಬಂದ ಅಂಕಿಯನ್ನು ಫೋನೇ ಓದುತ್ತದೆ.

ಇನ್ನು ಮುಖ ತೋರಿಸಿ ಗುರುತು ಹಿಡಿಸುವುದು. ಆ್ಯಸಿಡ್ ದಾಳಿಗೆ ತುತ್ತಾದವರು ಮತ್ತು ಕಣ್ಣು ಕಾಣದವರು ಇದರ ಬಗ್ಗೆ ಸುಪ್ರೀಂ ಕೋರ್ಟಿಗೆ ಹೋದರು. ಕಣ್ಣು ಮಿಟುಕಿಸಿದರೆ ಮಾತ್ರ ಜೀವಂತ ಎಂದು ಒಪ್ಪುವ ವ್ಯವಸ್ಥೆಯಲ್ಲಿ ರೆಪ್ಪೆ ಆಡಿಸಲಾಗದವರು ಏನು ಮಾಡಬೇಕು ಎಂಬುದು ಪ್ರಶ್ನೆ. 2025ರ ಏಪ್ರಿಲ್ 30ರಂದು ತೀರ್ಪು ಬಂತು. ಡಿಜಿಟಲ್ ಸೇವೆ ಸಿಗುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. ಮಿಟುಕಿಸುವುದೊಂದೇ ದಾರಿ ಆಗಬಾರದು, ಬೇರೆ ದಾರಿಯೂ ಇರಲಿ ಎಂದಿತು.

ಚಿಕ್ಕಪ್ಪ ಕೂಡ ಇದನ್ನು ಒಮ್ಮೆ ಮಾಡಲು ಹೋಗಿ ಸೋತಿದ್ದರು. ಯಾವ ಆ್ಯಪ್ ಅಂತ ಬೇಡ. ಪರದೆಯ ಮೇಲೆ ಒಂದು ವೃತ್ತ, ಮುಖವನ್ನು ಅದರೊಳಗೆ ಕೂರಿಸಬೇಕು. ವೃತ್ತ ಎಲ್ಲಿದೆ ಎಂದು ಅವರಿಗೆ ಯಾರು ಹೇಳಬೇಕು? "ಮಿಟುಕಿಸ್ತಾನೇ ಇದ್ದೀನಿ ಕಣಮ್ಮ, ಅದು ಸೀಲಿಂಗ್ ಫ್ಯಾನ್ ನೋಡ್ತಿದೆಯೋ ನನ್ನ ನೋಡ್ತಿದೆಯೋ" ಎಂದು ನಕ್ಕರು. ಅಂಥ ಪರದೆಗೆ ಈಗ ನಾನು ಬರೆಯುವ ಸಾಲುಗಳು ಹೀಗಿರುತ್ತವೆ, ಫೋನು ಜೋರಾಗಿ ಓದುವಂತೆ: 'ಫೋನನ್ನು ಮುಖದ ನೇರಕ್ಕೆ, ಒಂದು ಗೇಣು ದೂರ ಹಿಡಿಯಿರಿ. ಸ್ವಲ್ಪ ಎಡಕ್ಕೆ. ಸ್ವಲ್ಪ ಮೇಲೆ. ಸರಿ ಇದೆ, ಹಾಗೇ ಇರಿ. ಆಗದಿದ್ದರೆ ಹತ್ತಿರದ ಕೇಂದ್ರದಲ್ಲಿ ಬೆರಳಚ್ಚು ಕೊಡಬಹುದು, ವಿಳಾಸಕ್ಕೆ ಇಲ್ಲಿ ಒತ್ತಿ.'